ಎರಡು ತಾರಸಿ, ಎರಡು ಸಿಸಿಟಿವಿ ಕ್ಯಾಮೆರಾ: ಉಲ್ಕೆಗಳ ಕಕ್ಷೆ ಅಳೆದ ನನ್ನ ಅನುಭವ

ಕಳೆದ ಡಿಸೆಂಬರಿನ ಜೆಮಿನಿಡ್ ಉಲ್ಕಾವೃಷ್ಟಿಯಲ್ಲಿ ಚಿತ್ರದುರ್ಗದ ನಮ್ಮ ಮನೆಯ ತಾರಸಿಯಿಂದಲೂ ಪಾವಗಡದ ಬಳಿ ಇರುವ ಅಕ್ಕನ ಮನೆಯ ತಾರಸಿಯಿಂದಲೂ ಒಟ್ಟಿಗೆ ಸೆರೆಯಾದ ಉಲ್ಕೆಗಳ ಕಕ್ಷೆಗಳನ್ನು ಲೆಕ್ಕ ಹಾಕಿದೆ. ಸೂರ್ಯನಿಗೆ ಅವು ಅತಿ ಸಮೀಪ ಬರುವ ದೂರ 0.14 ಖಗೋಳಮಾನದ (ಭೂಮಿ-ಸೂರ್ಯರ ಸರಾಸರಿ ದೂರ ಒಂದು ಖಗೋಳಮಾನ) ಆಸುಪಾಸಿನಲ್ಲೂ ಭೂಮಿಯ ಕಕ್ಷೆಯ ಸಮತಲಕ್ಕೆ ಅವುಗಳ ಕಕ್ಷೆಯ ಓರೆ 22ರಿಂದ 24 ಡಿಗ್ರಿಯ ನಡುವೆಯೂ ಬಂದಿತು. ಇದು 1983ರಲ್ಲಿ ಐರಾಸ್ ಉಪಗ್ರಹದ ಮೂಲಕ ಪತ್ತೆಯಾದ ಫೇಥಾನ್ ಕ್ಷುದ್ರಗ್ರಹದ ದಾರಿಯೇ ಆಗಿದೆ. ಜೆಮಿನಿಡ್‌ಗಳ ತಾಯಿಯಾರೆಂಬುದು ಹೊಸ ಸುದ್ದಿಯಲ್ಲ. ಆದರೆ ಕಳ್ಳರನ್ನು ಹಿಡಿಯಲೆಂದು ಮಾರುವ ಕ್ಯಾಮೆರಾದಿಂದ, ಬಯಲುಸೀಮೆಯ ಎರಡು ಮನೆಗಳ ಮೇಲಿಂದ, ಯಾವ ಸಂಸ್ಥೆಯ ಅನುದಾನವೂ ಇಲ್ಲದೆ ಇದನ್ನು ಅಳೆಯಬಹುದೆಂದು ನಾನು ಹೇಳಿದಾಗ ನಕ್ಕವರೇ ಹೆಚ್ಚಾಗಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ವೃತ್ತಿಯಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕ. ಉಲ್ಕೆಗಳ ಹಿಂದೆ ಬಿದ್ದದ್ದು ಸಿಂಹರಾಶಿಯಿಂದ ಹೊಮ್ಮುವಂತೆ ಕಾಣುವ ನವೆಂಬರಿನ ಲಿಯೊನಿಡ್ ಉಲ್ಕಾವೃಷ್ಟಿಯ ಕಾಲದಲ್ಲಿ. 1999ರ ಬಿರುಮಳೆಯ ಗಳಿಗೆಯನ್ನು ಖಗೋಳವಿಜ್ಞಾನಿಗಳಾದ ಆಶರ್ ಮತ್ತು ಮೆಕ್‌ನಾಟ್ ಕೆಲವೇ ನಿಮಿಷಗಳ ಅಂತರದಲ್ಲಿ ಮುಂಗಂಡಿದ್ದರೂ ಅದು ನಮಗೆ ಬೆಳಗಿನ ಏಳೂವರೆ ಗಂಟೆಯಾಗಿತ್ತು. 2001ರಲ್ಲಿ ಸಿಂಹರಾಶಿ ಮೂಡುವ ಹೊತ್ತಿಗೆ ದಿಗಂತ ಸವರಿಕೊಂಡು ಹೋದ ಉದ್ದನೆಯ ಉಲ್ಕೆಗಳಷ್ಟೇ ಪಾಲಿಗೆ ಬಂದವು. ಅಲ್ಲಿಂದ ಮುಂದೆ ಹಲವು ವರ್ಷ ಚಾಪೆಯ ಮೇಲೆ ಮಲಗಿ ಎಣಿಸಿದೆ. ಎಣಿಕೆಯಿಂದ ವೃಷ್ಟಿಯ ತೀವ್ರತೆ ತಿಳಿಯುತ್ತದೆಯೇ ಹೊರತು ಕಕ್ಷೆ ತಿಳಿಯುವುದಿಲ್ಲ. ಅದಕ್ಕೆ ಎರಡು ಕಡೆಯಿಂದ ನೋಡಲೇಬೇಕು.

ಆಕ್ಷೇಪಗಳು ಎರಡು ಬಗೆಯವು. ಆಗಸ್ಟಿನ ಪರ್ಸೀಡ್‌ಗಳು ಮುಂಗಾರಿನ ಮೋಡದಲ್ಲಿ ಮುಳುಗುವ ನಾಡಿನಲ್ಲಿ ಈ ಕೆಲಸವೇಕೆ ಎಂಬುದು ಒಂದು. ಡೆನಿಸ್ ವಿದಾ ಅವರ ಮುಂದಾಳತ್ವದ ಗ್ಲೋಬಲ್ ಮೀಟಿಯರ್ ನೆಟ್‌ವರ್ಕ್‌ನಂಥ ಜಾಲಗಳಿರುವಾಗ ನಿನ್ನ ಎರಡು ಕ್ಯಾಮೆರಾ ಏನು ಸೇರಿಸುತ್ತವೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನವೆಂಬರಿನಿಂದ ಮಾರ್ಚಿಯವರೆಗಿನ ನಮ್ಮ ಆಕಾಶವೇ ಉತ್ತರ. ಎರಡನೆಯದಕ್ಕೆ ಉತ್ತರ ರೇಖಾಂಶದಲ್ಲಿದೆ: ಜಪಾನಿನಲ್ಲಿ ಬೆಳಗಾಗಿ ಯುರೋಪಿನಲ್ಲಿ ವೃಷ್ಟಿಯ ಹೊಮ್ಮುಬಿಂದು (ಉಲ್ಕೆಗಳು ಹೊರಟುಬಂದಂತೆ ಕಾಣುವ ಆಕಾಶದ ಬಿಂದು) ಇನ್ನೂ ತಗ್ಗಿನಲ್ಲಿರುವ ಹೊತ್ತಿನಲ್ಲಿ ನಮ್ಮಲ್ಲಿ ರಾತ್ರಿಯಿರುತ್ತದೆ, ಮತ್ತು ಕೆಲವೇ ಗಂಟೆಗಳಲ್ಲಿ ಮುಗಿದುಹೋಗುವ, ಜನವರಿಯ ಕ್ವಾಡ್ರಾಂಟಿಡ್‌ನಂಥ ವೃಷ್ಟಿಯ ಉತ್ತುಂಗ ಆ ಹೊತ್ತಿಗೇ ಬಂದರೆ ನೋಡುವವರು ಇಲ್ಲಿರಬೇಕಾಗುತ್ತದೆ.

ಉಪಕರಣ ಸರಳವಾದದ್ದೇ: ಸೋನಿ ಐಎಂಎಕ್ಸ್ 291 ಸಂವೇದಕದ ಬೋರ್ಡು, 4 ಮಿ.ಮೀ. ಲೆನ್ಸು, ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು, ವಿಡಿಯೊದಲ್ಲಿ ಉಲ್ಕೆಗಳನ್ನು ಗುರುತಿಸುವ ಆರ್‌ಎಂಎಸ್ ತಂತ್ರಾಂಶ. ಎರಡು ಮನೆಗಳ ನಡುವಿನ ನೇರ ದೂರ ಸುಮಾರು 95 ಕಿ.ಮೀ. ಎರಡೂ ಕ್ಯಾಮೆರಾಗಳನ್ನು ಉತ್ತರದ ಕಡೆಗೆ, 100 ಕಿ.ಮೀ. ಎತ್ತರದಲ್ಲಿ ಒಂದೇ ಆಕಾಶದ ತುಂಡನ್ನು ನೋಡುವಂತೆ ತಿರುಗಿಸಿದ್ದೇನೆ. ಮೊದಲು ಹೆಚ್ಚು ಪ್ರದೇಶ ಸಿಗಲೆಂದು ತಗ್ಗಿಸಿ ಕಟ್ಟಿದ್ದಾಗ ದುರ್ಗದ ಗುಡ್ಡಗಳ ಗಾಳಿಯಂತ್ರಗಳ ಕೆಂಪು ದೀಪಗಳು ರಾತ್ರಿಯಿಡೀ ಉಲ್ಕೆಗಳಾಗಿ ದಾಖಲಾಗುತ್ತಿದ್ದವು.

ಬಹಳಷ್ಟು ಹಣ ಹೋದದ್ದು ಕ್ಯಾಮೆರಾಕ್ಕಲ್ಲ. ಬೋರ್ಡು ಮತ್ತು ಲೆನ್ಸಿಗೆ ನಾಲ್ಕು ಸಾವಿರದ ಹತ್ತಿರ, ಡಬ್ಬಿಗೆ ಏಳೆಂಟು ನೂರು; ಪೈ ಮಾತ್ರ ಚಿಪ್ ಕೊರತೆಯ ವರ್ಷಗಳಲ್ಲಿ ಹೆಚ್ಚುಕಡಿಮೆ ಎರಡರಷ್ಟು ಬೆಲೆಗೆ ಸಿಕ್ಕಿತು. ಇನ್ವರ್ಟರು, ಬ್ಯಾಟರಿ, ತಂತಿಗಳೂ ಸೇರಿ ಎರಡೂ ಕಡೆಗೆ ನಲವತ್ತೈದು ಸಾವಿರದಷ್ಟು ಆಗಿರಬಹುದು. ಅದರ ಮೇಲೆ ಸಿಡಿಲಿಗೆ ಸುಟ್ಟ ನೆಟ್‌ವರ್ಕ್ ಸ್ವಿಚ್ಚು, ಸತ್ತ ಮೆಮರಿ ಕಾರ್ಡುಗಳು, ಕೋತಿ ಕಿತ್ತೆಸೆದ ಕೇಬಲ್ಲು ಎಂದು ಇನ್ನೊಂದು ಹದಿನೈದು ಸಾವಿರ ನೀರಿನಲ್ಲಿ ಹೋಮವಾಯಿತು. ಅಕ್ಕನ ಊರಿನಲ್ಲಿ "ಮೇಷ್ಟ್ರು ಕಳ್ಳರನ್ನ ಬಿಟ್ಟು ನಕ್ಷತ್ರ ಕಾಯ್ತಾರೆ" ಎಂಬ ಮಾತು ಹುಟ್ಟಿಕೊಂಡದ್ದು ಪುಕ್ಕಟೆಯಾಗಿ.

ಅತ್ಯಂತ ಹೆಚ್ಚು ಲಾಭ ತಂದದ್ದು ಗಾರೆ ಕೆಲಸ. ಪಾವಗಡದ ಕಡೆಯ ಗಾಳಿಗೆ ಕಬ್ಬಿಣದ ಪೈಪಿನ ಮೇಲಿನ ಕ್ಯಾಮೆರಾ ಸಣ್ಣಗೆ ನಡುಗುತ್ತಿತ್ತು. ಹಗಲಿನ ಕಾವು ಇಳಿಯುತ್ತಿದ್ದಂತೆ ಪೈಪೇ ಸ್ವಲ್ಪ ಸ್ವಲ್ಪ ತಿರುಗಿಕೊಳ್ಳುತ್ತಿತ್ತು. ಚಿತ್ರದ ಒಂದು ಪಿಕ್ಸೆಲ್ ಆಕಾಶದಲ್ಲಿ 4 ಆರ್ಕ್‌ಮಿನಿಟಿನಷ್ಟಿರುವಾಗ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟು), 150 ಕಿ.ಮೀ. ದೂರದ ಉಲ್ಕೆಯ ಮಟ್ಟಿಗೆ ಒಂದು ಪಿಕ್ಸೆಲ್ ಜರುಗಿದರೆ ಸ್ಥಾನದಲ್ಲಿ 170 ಮೀಟರಿಗೂ ಮೀರಿದ ತಪ್ಪಾಗುತ್ತದೆ. ಪೈಪನ್ನು ಕಿತ್ತು, ತಾರಸಿಯ ಮೂಲೆಯಲ್ಲಿ ಮೊಣಕಾಲೆತ್ತರದ ಕಾಂಕ್ರೀಟ್ ಕಂಬ ಕಟ್ಟಿಸಿದೆ. ಕ್ಯಾಮೆರಾಕ್ಕಿಂತ ಕಡಿಮೆ ಖರ್ಚಿನ ಆ ಕಂಬ ಬಂದ ಮೇಲೆ ಚಿತ್ರದ ನಕ್ಷತ್ರಗಳನ್ನು ಅವುಗಳ ನಿಜವಾದ ಸ್ಥಾನಕ್ಕೆ ಹೊಂದಿಸುವಾಗ ಉಳಿಯುವ ತಪ್ಪು ಪಿಕ್ಸೆಲ್ಲಿನ ಕಾಲುಭಾಗಕ್ಕೆ ಇಳಿಯಿತು. ಡಬ್ಬಿಯ ಗಾಜಿನ ಮೇಲೆ ಜೇಡ ಬಲೆ ಕಟ್ಟದಂತೆ ಮಾಡಲು ನಾನು ಬಳಸುವ ಉಪಾಯವೊಂದಿದೆ. ಅದಕ್ಕೆ ಎರಡು ಮಳೆಗಾಲ ತೆತ್ತಿರುವುದರಿಂದ ಸದ್ಯಕ್ಕೆ ನನ್ನಲ್ಲೇ ಇರಲಿ. ಎರಡೂ ಕೇಂದ್ರಗಳ ಗಡಿಯಾರ ಹೊಂದಿಸಲು ಮೊಬೈಲ್ ಇಂಟರ್ನೆಟ್ಟನ್ನು ನಂಬಬೇಡಿ, ಸಾವಿರ ರೂಪಾಯಿಯ ಜಿಪಿಎಸ್ ಮಾಡ್ಯೂಲ್ ಹಾಕಿ ಎಂಬಷ್ಟನ್ನು ಮುಚ್ಚಿಡುವುದಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಅಕ್ಟೋಬರಿನ ಓರಿಯೊನಿಡ್‌ಗಳಲ್ಲಿ. ಹ್ಯಾಲಿ ಧೂಮಕೇತುವಿನ ಆ ಧೂಳು ಸೆಕೆಂಡಿಗೆ 66 ಕಿ.ಮೀ. ವೇಗದಲ್ಲಿ ಒಳನುಗ್ಗುತ್ತದೆ, ಮೂರನೇ ಒಂದು ಸೆಕೆಂಡು ಉರಿದರೆ ಸಿಗುವುದು ಎಂಟು ಫ್ರೇಮು. ಮೊದಲ ಫಲಿತಾಂಶಗಳಲ್ಲಿ ಹಲವು ಕಕ್ಷೆಗಳು ಮುಚ್ಚಿಕೊಳ್ಳದೆ ಹೈಪರ್ಬೊಲಾ ಆಗಿ ಹೊರಗೆ ಓಡಿದವು. ಸೌರಮಂಡಲದ ಆಚೆಯಿಂದ ಬಂದ ಕಣಗಳಿರಬಹುದೆಂದು ಗೆಳೆಯರೊಬ್ಬರು ಪ್ರಬಂಧದ ಶೀರ್ಷಿಕೆಯನ್ನೇ ಸೂಚಿಸಿದರು. ನಾನು ಒಪ್ಪಲಿಲ್ಲ. ಓರಿಯೊನಿಡ್‌ನಂಥ ಉದ್ದನೆಯ ಕಕ್ಷೆಗಳಲ್ಲಿ ಸೆಕೆಂಡಿಗೆ ಒಂದು ಕಿ.ಮೀ. ವೇಗ ಹೆಚ್ಚಿ ಬಂದರೂ ಕಣವು ಸೂರ್ಯನ ಹಿಡಿತ ತಪ್ಪಿಸಿಕೊಂಡಂತೆ ತೋರುತ್ತದೆ. ಎರಡೂ ಕೇಂದ್ರಗಳ ವೇಗವನ್ನು ಬೇರೆಬೇರೆಯಾಗಿ ತೆಗೆದು ನೋಡಿದಾಗ ಹೆಚ್ಚುವರಿ ವೇಗ ಪಾವಗಡದ ಕಡೆಯಿಂದ ಮಾತ್ರ ಬರುತ್ತಿತ್ತು. ಕೇಬಲ್ಲಿನ ತುಕ್ಕು ಹಿಡಿದ ತುದಿಯಿಂದಾಗಿ ಅಲ್ಲಲ್ಲಿ ಒಂದೊಂದು ಫ್ರೇಮು ಬಿದ್ದುಹೋಗುತ್ತಿದ್ದು, ಉಲ್ಕೆ ಒಂದೇ ಹೆಜ್ಜೆಯಲ್ಲಿ ಎರಡು ಹೆಜ್ಜೆಯ ದೂರ ದಾಟಿದಂತೆ ಲೆಕ್ಕವಾಗುತ್ತಿತ್ತು. ತುದಿಗೆ ಹೊಸ ಕನೆಕ್ಟರ್ ಹಾಕಿದ ಮೇಲೆ ಆ ಕಣಗಳು ಸೂರ್ಯನ ಮನೆಗೆ ಮರಳಿದವು.

ನಡುವೆ ರೇಡಿಯೊ ಹುಚ್ಚೂ ಹಿಡಿದಿತ್ತು. ಎರಡು ಮೂರು ಸಾವಿರದ ಆರ್‌ಟಿಎಲ್ ಡಾಂಗಲ್ಲನ್ನು (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ಗ್ರಾಹಕ) ಇಲ್ಲಿ ಖಾಲಿಯಿರುವ ಎಫ್‌ಎಂ ತರಂಗಾಂತರಕ್ಕೆ ಹೊಂದಿಸಿದರೆ, ದೂರದ ನಿಲಯವೊಂದರ ಅಲೆ ಉಲ್ಕೆಯ ಅಯಾನೀಕೃತ ಜಾಡಿಗೆ ತಾಗಿ ಕ್ಷಣಮಾತ್ರ ಕೇಳಿಸುತ್ತದೆ. ಒಮ್ಮೆ ತೆಲುಗು ಹಾಡಿನ ಅರ್ಧ ಪದ ಬಂದಿತ್ತು. ಹಗಲಿನಲ್ಲೂ ಮೋಡದಲ್ಲೂ ನಡೆಯುವ ವಿಧಾನವೆಂಬ ಆಸೆ ಇತ್ತು. ಆದರೆ ಚಳಿಗಾಲದ ಕೆಲವು ರಾತ್ರಿಗಳಲ್ಲಿ ಕೆಳವಾತಾವರಣವೇ ದೂರದ ನಿಲಯಗಳನ್ನು ಗಂಟೆಗಟ್ಟಲೆ ಹೊತ್ತು ತಂದು ಎಣಿಕೆಯನ್ನೆಲ್ಲ ಕೆಡಿಸಿತು. ಡಾಂಗಲ್ ಈಗ ವಿದ್ಯಾರ್ಥಿಯೊಬ್ಬನ ಬಳಿಯಿದೆ.

ಉಳಿದಿರುವ ತೊಡಕು ಜ್ಯಾಮಿತಿಯದು. ನನ್ನ ಎರಡು ಕೇಂದ್ರಗಳು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿವೆ. ಜೆಮಿನಿಡ್‌ಗಳ ಹೊಮ್ಮುಬಿಂದು ಈಶಾನ್ಯದಲ್ಲಿ ಮೂಡಿ ನಡುರಾತ್ರಿಯ ನಂತರ ನೆತ್ತಿಯ ಹತ್ತಿರ ಬರುವುದರಿಂದ ಇದು ಅಷ್ಟಾಗಿ ಕಾಡಲಿಲ್ಲ. ಆದರೆ ಮೇ ತಿಂಗಳ ಮೊದಲ ವಾರದ ಈಟಾ ಅಕ್ವೇರಿಡ್‌ಗಳು ರಾತ್ರಿ ಎರಡರ ಸುಮಾರಿಗೆ ನೇರ ಪೂರ್ವದಲ್ಲೇ ಹುಟ್ಟಿ ನನ್ನ ಎರಡು ಮನೆಗಳನ್ನು ಸೇರಿಸುವ ಗೆರೆಯ ಗುಂಟವೇ ಬರುತ್ತವೆ. ಒಂದೊಂದು ಕೇಂದ್ರವನ್ನೂ ಅಲ್ಲಿಂದ ಕಂಡ ಉಲ್ಕೆಯ ಜಾಡನ್ನೂ ಸೇರಿಸಿ ಎಳೆದ ಎರಡು ಸಮತಲಗಳು ಛೇದಿಸುವ ಗೆರೆಯೇ ಉಲ್ಕೆಯ ದಾರಿ; ಇಲ್ಲಿ ಅವು ಒಂದರ ಮೇಲೊಂದು ಬಿದ್ದಂತಾಗಿ ಛೇದರೇಖೆ ಎಲ್ಲಿ ಬೇಕಾದರೂ ಹೋಗುತ್ತದೆ. ಉತ್ತರ ಯುರೋಪಿನವರಿಗೆ ಸರಿಯಾಗಿ ಸಿಗದ ಈ ವೃಷ್ಟಿ ನಮ್ಮ ಅಕ್ಷಾಂಶಕ್ಕೆ ಒಲಿದದ್ದು, ಬಿಡಲು ಮನಸ್ಸಿಲ್ಲ. ಆದ್ದರಿಂದ ಚಿತ್ರದುರ್ಗಕ್ಕೆ ನೇರ ಉತ್ತರದಲ್ಲಿ ಸುಮಾರು 75 ಕಿ.ಮೀ. ದೂರದ ಕೂಡ್ಲಿಗಿಯ ಕಡೆ ಮೂರನೆಯ ಕೇಂದ್ರಕ್ಕೆ ತಾರಸಿ ಹುಡುಕುತ್ತಿದ್ದೇನೆ. ಈ ಬಾರಿ ಕ್ಯಾಮೆರಾ ಕೊಳ್ಳುವ ಮೊದಲೇ ಕಂಬ ಕಟ್ಟಿಸುವುದು ಎಂದು ತೀರ್ಮಾನಿಸಿದ್ದೇನೆ.