ಬಿಪಿ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

“ಬಿಪಿ ನಾರ್ಮಲ್ ಐತಿ ಅಂದ್ರು, ಗುಳಿಗಿ ಬಿಟ್ಟೆ.” ದಾವಣಗೆರೆ ಸೀಮೆಯಲ್ಲಿ ಈ ಮಾತು ಎಷ್ಟು ಮನೆಗಳಲ್ಲಿ ಕೇಳಿಲ್ಲ! ನಾರ್ಮಲ್ ಆಗಿದ್ದೇ ಆ ಗುಳಿಗೆಯಿಂದ. ಬಿಟ್ಟರೆ ಬಹುತೇಕರಿಗೆ ಕೆಲವೇ ದಿನ, ವಾರಗಳಲ್ಲಿ ಒತ್ತಡ ಮತ್ತೆ ಏರುತ್ತದೆ. ತಲೆನೋವು, ತಲೆಸುತ್ತು ಯಾವುದೂ ಕಾಣಿಸದೆ ಲಕ್ವ ಹೊಡೆಯಬಹುದು, ಕಿಡ್ನಿ ಕೆಡಬಹುದು.

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ. ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ; ಬೆಳಿಗ್ಗೆಯೋ ರಾತ್ರಿಯೋ, ಮರೆಯದ ಹೊತ್ತೇ ಒಳ್ಳೆಯ ಹೊತ್ತು. ಬೆಳಕು ಹರಿಯುವ ಮುನ್ನ ಹೊಲಕ್ಕೆ ಹೊರಡುವವರಿಗೆ ರಾತ್ರಿ ಊಟದ ಹೊತ್ತು ಅನುಕೂಲ. ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ಬೆಳಿಗ್ಗೆಯೇ ವಾಸಿ, ನಿದ್ದೆ ಕೆಡುವುದಿಲ್ಲ.

ಮರೆತರೆ? ಅದೇ ದಿನ ನೆನಪಾದರೆ ತಗೊಳ್ಳಿ. ಮರುದಿನದ ಹೊತ್ತು ಹತ್ತಿರವಾಗಿದ್ದರೆ ಹಿಂದಿನದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ನುಂಗಲೇಬೇಡಿ.

ಉಪವಾಸದ ದಿನ ಮಾತ್ರೆ ಬಿಡುವವರು ಬಹಳ. ಹೆಚ್ಚಿನ ಬಿಪಿ ಮಾತ್ರೆಗಳಿಗೆ ಹೊಟ್ಟೆ ತುಂಬಿರಬೇಕೆಂದಿಲ್ಲ, ಒಂದು ಲೋಟ ನೀರು ಸಾಕು. ನೀರೂ ಮುಟ್ಟದ ವ್ರತವಾದರೆ, ರಂಜಾನ್ ರೋಜಾ ಇದ್ದರೆ, ಹೊತ್ತು ಬದಲಿಸುವುದನ್ನು ಡಾಕ್ಟರಿಗೆ ಮೊದಲೇ ಕೇಳಿ.

ಸ್ಟ್ರಿಪ್‌ನಲ್ಲಿ ಏಳು ಮಾತ್ರೆ ಉಳಿದಾಗಲೇ ಮುಂದಿನದನ್ನು ತನ್ನಿ. ದುಡ್ಡಿನ ತೊಂದರೆಗೆ ಅರ್ಧ ಮುರಿದು ನುಂಗಬೇಡಿ: ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಜಿಲ್ಲಾ ಆಸ್ಪತ್ರೆಯಲ್ಲಿ ಬಿಪಿ ಮಾತ್ರೆ ಉಚಿತ; ಜನೌಷಧಿ ಅಂಗಡಿಯಲ್ಲಿ ಅಗ್ಗ. ಅಂಗಡಿ ಬದಲಾದಾಗ ಬ್ರ್ಯಾಂಡ್ ಹೆಸರೂ ಬದಲಾಗುತ್ತದೆ. ಹಳೆಯದು, ಹೊಸದು ಬೇರೆಬೇರೆ ಎಂದುಕೊಂಡು ಎರಡನ್ನೂ ನುಂಗುವ ಅಪಾಯ ಇಲ್ಲೇ ಇದೆ. ಒಳಗಿನ ಔಷಧದ ಹೆಸರು ಒಂದೇನಾ ಎಂದು ಓದಿಸಿಕೊಳ್ಳಿ.

ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ, ಎನಾಲಾಪ್ರಿಲ್‌ನಿಂದ ಒಣಕೆಮ್ಮು. ಸುಮ್ಮನೆ ಬಿಡುವ ಬದಲು ಹೋಗಿ ಹೇಳಿ, ಬೇರೆ ಮಾತ್ರೆಗಳಿವೆ. ಅಟೆನೊಲಾಲ್, ಮೆಟೊಪ್ರೊಲಾಲ್ ಅಂತೂ ಒಮ್ಮೆಲೇ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಮಂಡಿನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್ ಬಿಪಿ ಏರಿಸಬಲ್ಲದು. ಅದನ್ನೂ ಡಾಕ್ಟರಿಗೆ ತಿಳಿಸಿ.

ಮನೆಯಲ್ಲಿ ಬಿಪಿ ನೋಡುವವರು ಚಹಾ, ಬೀಡಿ ಆಗಿ ಅರ್ಧ ಗಂಟೆ ಬಿಡಿ. ಬೆನ್ನಿಗೆ ಆನಿಕೆ ಕೊಟ್ಟು ಐದು ನಿಮಿಷ ಮಾತಿಲ್ಲದೆ ಕೂತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ನೋಡಿ. ತಾರೀಖು ಹಾಕಿ ಬರೆದಿಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕವನ್ನೂ, ನುಂಗುತ್ತಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ.