ವಾಹನ ಚಾಲನೆಯ ಅಪರಾಧಕ್ಕೆ ಶಿಕ್ಷಕರ ನೌಕರಿ ಹೋಗಬೇಕೇ? ಕಡತ ನೋಡುವವರಿಗೂ ಉತ್ತರ ಬರೆಯುವವರಿಗೂ ಮಾರ್ಗದರ್ಶಿ

ಕುಡಿದು ಬೈಕ್ ಓಡಿಸಿ ನ್ಯಾಯಾಲಯದಲ್ಲಿ ದಂಡ ತೆತ್ತ ಶಿಕ್ಷಕರ ಕಡತವಾಗಲಿ, ಕಾರು ಡಿಕ್ಕಿಯಾಗಿ ಪಾದಚಾರಿ ಮೃತಪಟ್ಟ ಪ್ರಕರಣದಲ್ಲಿ ತಪ್ಪಿತಸ್ಥರೆಂದು ತೀರ್ಪು ಪಡೆದ ಮುಖ್ಯಶಿಕ್ಷಕಿಯ ಕಡತವಾಗಲಿ ಕಚೇರಿಯ ಮೇಜಿಗೆ ಬಂದಾಗ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಕೋರ್ಟೇ ಶಿಕ್ಷೆ ಕೊಟ್ಟಿದೆ, ಇನ್ನು ವಜಾ ಮಾಡುವುದಷ್ಟೇ ಬಾಕಿ ಎಂಬುದು ಒಂದು. ಡ್ರೈವಿಂಗ್ ಕೇಸ್ ತಾನೇ, ಪಾಠಕ್ಕೂ ಅದಕ್ಕೂ ಏನು ಸಂಬಂಧ ಎಂಬುದು ಇನ್ನೊಂದು. ಎರಡನ್ನೂ ಹೇಳುವವರು ತೀರ್ಪಿನ ಪ್ರತಿಯನ್ನು ಓದಿರುವುದಿಲ್ಲ. ಶಿಕ್ಷೆಯಾಯಿತು ಎಂಬ ಒಂದೇ ಕಾರಣಕ್ಕೆ ಯಾವ ಶಿಕ್ಷಕರ ವೃತ್ತಿಯೂ ಮುಗಿಯಬಾರದು, ಆದರೆ ಆ ಶಿಕ್ಷೆಯ ಹಿಂದಿರುವ ನಡತೆ ಕೆಲವು ಪ್ರಕರಣಗಳಲ್ಲಿ ಅದನ್ನು ಮುಗಿಸುವಷ್ಟು ಗಂಭೀರವಾಗಿರಬಹುದು ಎಂಬುದು ಈ ಬರಹದ ನಿಲುವು. ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರನ್ನು ಮುಖ್ಯವಾಗಿ ಗಮನದಲ್ಲಿಟ್ಟು, ಆ ನಡತೆಯನ್ನು ತೂಗುವ ಕ್ರಮವನ್ನು ಮುಂದೆ ವಿವರಿಸಲಾಗಿದೆ.

ಮೊದಲು, ಶಿಕ್ಷೆಯಾಗಿದೆಯೇ ಎಂದು ನೋಡಿ

ಸಂಚಾರ ಪೊಲೀಸರಿಗೆ ಸ್ಥಳದಲ್ಲೇ ಕಟ್ಟಿದ ದಂಡವೆಲ್ಲ ಅಪರಾಧ ನಿರ್ಣಯವಲ್ಲ, ಅಂದರೆ ತಪ್ಪಿತಸ್ಥರೆಂಬ ನ್ಯಾಯಾಲಯದ ತೀರ್ಪಲ್ಲ. 1988ರ ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನ ಪ್ರಕಾರ ಹೆಲ್ಮೆಟ್ ಧರಿಸದಿರುವುದು, ಅತಿವೇಗ, ಚಾಲನಾ ಪರವಾನಗಿ ಇಲ್ಲದಿರುವುದು ಮುಂತಾದವನ್ನು ರಾಜಿ ದಂಡದಿಂದ ಮುಗಿಸಬಹುದು, ಹಾಗೆ ಮುಗಿದ ಮೇಲೆ ಆ ಅಪರಾಧದ ಬಗ್ಗೆ ಮುಂದಿನ ನ್ಯಾಯಾಂಗ ಕ್ರಮ ಇರುವುದಿಲ್ಲ. ಕುಡಿದು ಚಲಾಯಿಸುವುದನ್ನು ಹೇಳುವ 185ನೇ ಕಲಮು ಆ ಪಟ್ಟಿಯಲ್ಲಿ ಇಲ್ಲ. ಅಪಾಯಕಾರಿ ಚಾಲನೆಯ 184ನೇ ಕಲಮು ಕೈಯಲ್ಲಿ ಮೊಬೈಲ್ ಹಿಡಿದು ಚಲಾಯಿಸಿದಷ್ಟರ ಮಟ್ಟಿಗೆ ಮಾತ್ರ ಅದರಲ್ಲಿದೆ. ಆದ್ದರಿಂದ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಕಂಡುಬಂದವರು ನ್ಯಾಯಾಲಯಕ್ಕೆ ಹೋಗಲೇಬೇಕು. 2019ರ ತಿದ್ದುಪಡಿಯ ನಂತರ ಅಲ್ಲಿ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ, ಎರಡನೆಯ ಸಲಕ್ಕೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು.

ಶಿಕ್ಷಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಒಂದು ದಿನದ ರಜೆ ಹಾಕಿ ಹೋಗಿ, ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದರೆ ಮುಗಿಯಿತು ಎಂದುಕೊಳ್ಳುತ್ತಾರೆ. ತಪ್ಪೊಪ್ಪಿಗೆಯ ಮೇಲೆ ವಿಧಿಸಿದ ದಂಡ ನೂರಕ್ಕೆ ನೂರರಷ್ಟು ಅಪರಾಧ ನಿರ್ಣಯವೇ. ಇಲಾಖೆ ಮುಂದೆ ಅದನ್ನೇ ಆಧಾರವಾಗಿ ಹಿಡಿಯಬಹುದು. ತಪ್ಪು ಮಾಡಿದ್ದರೆ ಒಪ್ಪಿಕೊಳ್ಳುವುದು ಸರಿಯೇ, ಆದರೆ ಸಹಿ ಹಾಕುವ ಮೊದಲು ವಕೀಲರೊಬ್ಬರನ್ನು ಕೇಳಿ, ಯಾವ ಕಲಮಿನ ಕೆಳಗೆ ಯಾವ ಸಂಗತಿಗಳನ್ನು ಒಪ್ಪಿಕೊಳ್ಳುತ್ತಿದ್ದೀರಿ ಎಂಬುದನ್ನು ತಿಳಿದುಕೊಳ್ಳಿ.

ನಿಯಮ ಹೇಳುವುದೇನು

ಸರ್ಕಾರಿ ನೌಕರರನ್ನು ವಿಚಾರಣೆಯಿಲ್ಲದೆ ವಜಾ ಮಾಡಬಾರದೆಂಬ ರಕ್ಷಣೆ ಸಂವಿಧಾನದ 311ನೇ ಅನುಚ್ಛೇದದಲ್ಲಿದೆ. ಕ್ರಿಮಿನಲ್ ಆರೋಪದಲ್ಲಿ ಶಿಕ್ಷೆಗೆ ಕಾರಣವಾದ ನಡತೆಗಾಗಿ ಕ್ರಮ ಕೈಗೊಳ್ಳುವಾಗ ಆ ವಿಚಾರಣೆ ಬೇಕಿಲ್ಲ ಎಂಬ ವಿನಾಯಿತಿಯೂ ಅಲ್ಲೇ ಇದೆ. 1957ರ ಕರ್ನಾಟಕ ಸಿವಿಲ್ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 14ನೇ ನಿಯಮ ಇದನ್ನೇ ಅನುಸರಿಸುತ್ತದೆ. ಗಮನಿಸಬೇಕಾದದ್ದೆಂದರೆ, ಎರಡೂ ಕಡೆ ಕ್ರಮಕ್ಕೆ ಆಧಾರವಾಗಿರುವುದು ಶಿಕ್ಷೆಗೆ ದಾರಿ ಮಾಡಿಕೊಟ್ಟ ನಡತೆಯೇ ಹೊರತು ಶಿಕ್ಷೆಯಲ್ಲ. ವಿಚಾರಣೆ ಬೇಕಿಲ್ಲವೆಂದ ಮಾತ್ರಕ್ಕೆ ಯೋಚನೆಯೂ ಬೇಕಿಲ್ಲವೆಂದು ಅರ್ಥವಾಗುವುದಿಲ್ಲ. 1985ರ ತುಳಸೀರಾಮ್ ಪಟೇಲ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಶಿಸ್ತು ಪ್ರಾಧಿಕಾರವು ಕ್ರಿಮಿನಲ್ ನ್ಯಾಯಾಲಯದ ತೀರ್ಪನ್ನೂ ಪ್ರಕರಣದ ಸಂದರ್ಭಗಳನ್ನೂ ಪರಿಶೀಲಿಸಿಯೇ ದಂಡನೆ ಬೇಕೇ, ಬೇಕಿದ್ದರೆ ಯಾವುದು ಎಂದು ತೀರ್ಮಾನಿಸಬೇಕೆಂದು ಹೇಳಿತು.

ಅದೇ ವರ್ಷದ ಶಂಕರ್ ದಾಸ್ ತೀರ್ಪು ಈ ವಿಷಯಕ್ಕೆ ಇನ್ನೂ ಹತ್ತಿರದ್ದು. ದೆಹಲಿಯ ಹಾಲು ಸರಬರಾಜು ಸಂಸ್ಥೆಯ ನಗದು ಗುಮಾಸ್ತರೊಬ್ಬರು 500 ರೂಪಾಯಿಗೆ ಲೆಕ್ಕ ಕೊಡದ ಕಾರಣ ಶಿಕ್ಷೆಗೊಳಗಾಗಿ, ಅವರ ಮನೆಯ ಕಷ್ಟಗಳನ್ನು ಕಂಡ ಮ್ಯಾಜಿಸ್ಟ್ರೇಟರಿಂದ ಸನ್ನಡತೆಯ ಷರತ್ತಿನ ಮೇಲೆ ಬಿಡುಗಡೆಯಾಗಿದ್ದರೂ ಕೆಲಸ ಕಳೆದುಕೊಂಡಿದ್ದರು. ಸುಪ್ರೀಂ ಕೋರ್ಟ್ ಅವರನ್ನು ಹಿಂಬಾಕಿ ವೇತನ ಸಹಿತ ಮತ್ತೆ ಸೇವೆಗೆ ತೆಗೆದುಕೊಳ್ಳಲು ಆದೇಶಿಸುತ್ತ, ವಾಹನ ನಿಲ್ಲಿಸಬಾರದ ಜಾಗದಲ್ಲಿ ಸ್ಕೂಟರ್ ನಿಲ್ಲಿಸಿ ಶಿಕ್ಷೆಗೊಳಗಾದ ನೌಕರನನ್ನು ವಜಾ ಮಾಡಬೇಕೆಂಬುದು ಸಂವಿಧಾನದ ಉದ್ದೇಶವಾಗಿರಲಾರದು ಎಂದಿತು. ನ್ಯಾಯಮೂರ್ತಿಗಳಿಗೆ ಉದಾಹರಣೆಯಾಗಿ ಸ್ಕೂಟರೇ ಹೊಳೆದದ್ದು ಈ ಬರಹದ ಮಟ್ಟಿಗೆ ಅನುಕೂಲವೇ ಆಯಿತು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಸನ್ನಡತೆಯ ಷರತ್ತಿನ ಮೇಲೆ ಬಿಡಲು ಅವಕಾಶ ಕೊಡುವ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 12ನೇ ಕಲಮು ಶಿಕ್ಷೆಗೆ ಅಂಟಿಕೊಂಡ ಅನರ್ಹತೆಗಳನ್ನು ತೊಡೆದುಹಾಕುತ್ತದೆಯಾದರೂ ಸೇವೆಯಿಂದ ವಜಾ ಆಗುವುದು ಅಂಥ ಅನರ್ಹತೆಯಲ್ಲ. ಸನ್ನಡತೆಯ ಮೇಲೆ ಬಿಟ್ಟಿದ್ದಾರೆ, ಇಲಾಖೆ ಏನೂ ಮಾಡುವಂತಿಲ್ಲ ಎಂದು ನಂಬಿಕೊಂಡವರು ಇದನ್ನು ನೆನಪಿಡಬೇಕು.

ನಡತೆಯನ್ನು ತೂಗುವ ಬಗೆ

ಕಡತ ನೋಡುವ ಅಧಿಕಾರಿ ಮೊದಲು ಕೇಳಬೇಕಾದ ಪ್ರಶ್ನೆ, ಅಪಘಾತದ ಪರಿಣಾಮ ಎಷ್ಟು ದೊಡ್ಡದು ಎಂಬುದಲ್ಲ, ಚಾಲಕರ ಮನಸ್ಸಿನಲ್ಲಿ ಏನಿತ್ತು ಎಂಬುದು. ಕ್ಷಣದ ಅಜಾಗರೂಕತೆಯಿಂದ ಸಾವು ಸಂಭವಿಸಬಹುದು. ಮೂಗಿನವರೆಗೆ ಕುಡಿದು ಇಪ್ಪತ್ತು ಕಿಲೋಮೀಟರ್ ಓಡಿಸಿದವರು ಯಾರಿಗೂ ತಾಗದೆ ಮನೆ ಸೇರಬಹುದು. ದಂಡ ಸಂಹಿತೆ ಮೊದಲನೆಯದನ್ನೇ ಭಾರವಾಗಿ ಕಾಣುತ್ತದೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಸೆರೆವಾಸವಿದೆ, ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ಅದು ಎರಡು ವರ್ಷವಿತ್ತು. ಪರಿವೀಕ್ಷಣೆಯ ಉದಾರತೆಯನ್ನು ಇಂಥ ಚಾಲಕರಿಗೆ ತೋರಬಾರದೆಂದು 2000ದ ದಲ್ಬೀರ್ ಸಿಂಗ್ ತೀರ್ಪೂ ಹೇಳಿದೆ. ಒಂದು ಜೀವ ಹೋಗಿರುವಾಗ ನ್ಯಾಯಾಲಯ ಕಠಿಣವಾಗುವುದು ಸಹಜ. ಆದರೆ ಆ ವ್ಯಕ್ತಿ ಶಿಕ್ಷಕರಾಗಿ ಮುಂದುವರಿಯಲು ತಕ್ಕವರೇ ಎಂಬುದು ಬೇರೆಯದೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವಾಗ, ತಿಳಿದೂ ತಿಳಿದೂ ತೆಗೆದುಕೊಂಡ ಅಪಾಯ ಕ್ಷಣದ ಅಜಾಗರೂಕತೆಗಿಂತ ಹೆಚ್ಚು ತೂಗಬೇಕು.

ಎರಡನೆಯದು, ಅಪಘಾತದ ನಂತರದ ವರ್ತನೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದೂ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದೂ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಚಾಲಕರ ಮೇಲೆ ಹೊರಿಸಿದ ಹೊಣೆ. ಗುಂಪಿನ ಆಕ್ರೋಶದಿಂದ ಅಲ್ಲಿ ನಿಲ್ಲಲಾಗದ ಸ್ಥಿತಿಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನೂ, ದಾರಿಯಲ್ಲೇ ಬಿಟ್ಟು ಹೋಗಿ ಮರುದಿನ ತಮ್ಮನನ್ನೋ ಬಾಡಿಗೆ ಚಾಲಕನನ್ನೋ ಸ್ಟಿಯರಿಂಗ್ ಹಿಡಿದಿದ್ದವನೆಂದು ಠಾಣೆಗೆ ಕಳುಹಿಸಿದವರನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಎರಡನೆಯವರ ವಿಷಯದಲ್ಲಿ ನನಗೆ ಹೆಚ್ಚು ಅನುಕಂಪ ಇಲ್ಲ. ಅಲ್ಲಿಗೆ ಅದು ಚಾಲನೆಯ ತಪ್ಪಾಗಿ ಉಳಿಯದೆ ವಂಚನೆಯಾಗುತ್ತದೆ.

ಮೂರನೆಯದು, ಮಕ್ಕಳ ಜೊತೆಗಿನ ನಂಟು. ಪ್ರತಿಭಾ ಕಾರಂಜಿಗೂ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೂ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಆ ಹೊತ್ತಿನಲ್ಲಿ ಕುಡಿದು ವಾಹನ ಚಲಾಯಿಸಿದ್ದರೆ ಒಂದೇ ಸಲದ ತಪ್ಪೂ ವೃತ್ತಿಗೆ ಕುತ್ತು ತರುವಷ್ಟು ದೊಡ್ಡದು. ಭಾನುವಾರ ರಾತ್ರಿ ನೆಂಟರ ಮದುವೆಯಿಂದ ಮರಳುವಾಗ ಸಿಕ್ಕಿಬಿದ್ದವರ ವಿಷಯ ಹಾಗಲ್ಲ. ವಾರ್ಷಿಕ ವೇತನ ಬಡ್ತಿ ತಡೆಹಿಡಿದು, ಮಕ್ಕಳನ್ನು ವಾಹನದಲ್ಲಿ ಕರೆದೊಯ್ಯುವ ಹೊಣೆಯಿಂದ ದೂರವಿಟ್ಟರೆ ಸಾಕು. ಸಾರ್ವಜನಿಕ ಸ್ಥಳದಲ್ಲಿ ಅಮಲಿನಲ್ಲಿ ಕಾಣಿಸಿಕೊಳ್ಳುವುದು ನಡತೆ ನಿಯಮಗಳ ಪ್ರಕಾರ ತಾನಾಗಿಯೇ ತಪ್ಪು ಎಂಬುದನ್ನೂ ಮರೆಯಬಾರದು. ಶಿಕ್ಷಕರು ಮಾದರಿಯಾಗಿರಬೇಕೆಂಬ ವಾದ ಪ್ರತಿ ಕಡತದಲ್ಲೂ ಬರುತ್ತದೆ. ಅದು ಸುಳ್ಳಲ್ಲ, ಆದರೆ ಅದೊಂದನ್ನೇ ಬರೆದು ವಜಾ ಆದೇಶಕ್ಕೆ ಸಹಿ ಹಾಕಿದರೆ ಮೇಲ್ಮನವಿಯಲ್ಲಿ ಆ ಆದೇಶ ನಿಲ್ಲುವುದು ಕಷ್ಟ.

ಉಳಿದಂತೆ, ಇದು ಎರಡನೆಯ ಸಲವೇ ಎಂದೂ ಸೇವಾ ಪುಸ್ತಕ ಏನು ಹೇಳುತ್ತದೆ ಎಂದೂ ನೋಡಿ. ಶಿಕ್ಷಕರು ವಾಹನವನ್ನೇ ಮುಟ್ಟದೆ ಶಿಕ್ಷೆಯಾಗುವ ಸಂದರ್ಭವೂ ಇದೆ: ಹದಿನೆಂಟು ತುಂಬದ ಮಗನ ಕೈಗೆ ಬೈಕ್ ಕೊಟ್ಟ ಪೋಷಕರಿಗೆ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಕೆಳಗೆ ಮೂರು ವರ್ಷದವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಆಗಬಹುದು.

ದಂಡನೆ ಆರಿಸುವಾಗ ಮೇಲೆ ಹೇಳಿದ 1957ರ ಸೇವಾ ನಿಯಮಗಳ 8ನೇ ನಿಯಮದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಏರುತ್ತಾ ನೋಡಿ: ವಾಗ್ದಂಡನೆ, ವೇತನ ಬಡ್ತಿ ತಡೆ, ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆದುಹಾಕುವುದು, ವಜಾ. ತೆಗೆದುಹಾಕಿದವರು ಮುಂದೆ ಸರ್ಕಾರಿ ಕೆಲಸಕ್ಕೆ ಅನರ್ಹರಾಗುವುದಿಲ್ಲ. ವಜಾ ಆದವರು ಸಾಮಾನ್ಯವಾಗಿ ಅನರ್ಹರಾಗುತ್ತಾರೆ. ಪ್ರತಿ ಮೆಟ್ಟಿಲಿನಲ್ಲೂ ಇದು ಏಕೆ ಸಾಲದು ಎಂದು ಒಂದೆರಡು ವಾಕ್ಯ ಬರೆಯಲಾಗದಿದ್ದರೆ ಮೇಲಿನ ಮೆಟ್ಟಿಲಿಗೆ ಹೋಗುವ ಅಗತ್ಯವಿಲ್ಲ. ನೇಮಕ ಮಾಡಿದ ಪ್ರಾಧಿಕಾರಕ್ಕಿಂತ ಕೆಳಗಿನವರು ಕೊನೆಯ ಎರಡನ್ನು ವಿಧಿಸುವಂತಿಲ್ಲ.

ಶಿಕ್ಷಕರು ಮಾಡಬೇಕಾದದ್ದು

ಪ್ರಕರಣ ದಾಖಲಾದಾಗಲೂ ತೀರ್ಪು ಬಂದಾಗಲೂ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಪತ್ರಿಕೆಯಲ್ಲಿ ಓದಿ ತಿಳಿದುಕೊಂಡ ಅಧಿಕಾರಿಗೆ ನಿಮ್ಮ ಮೇಲೆ ವಿಶ್ವಾಸ ಉಳಿಯುವುದಿಲ್ಲ. 48 ಗಂಟೆಗೂ ಮೀರಿ ಬಂಧನದಲ್ಲಿದ್ದರೆ ಅಮಾನತು ತಾನಾಗಿಯೇ ಜಾರಿಗೆ ಬರುತ್ತದೆ, ಅದನ್ನು ತಪ್ಪಿಸಲು ಓಡಾಡಿ ಪ್ರಯೋಜನವಿಲ್ಲ.

ಮೇಲ್ಮನವಿ ನ್ಯಾಯಾಲಯ ಸೆರೆವಾಸವನ್ನು ಅಮಾನತಿನಲ್ಲಿಟ್ಟಿದೆ ಎಂದು ನಿಶ್ಚಿಂತರಾಗಬೇಡಿ. ಶಿಕ್ಷೆಯ ಜಾರಿಯಷ್ಟೇ ನಿಂತಿರುತ್ತದೆ, ಅಪರಾಧ ನಿರ್ಣಯ ಹಾಗೆಯೇ ಇರುತ್ತದೆ. ಮೇಲ್ಮನವಿ ಬಾಕಿ ಇರುವಾಗಲೂ ಇಲಾಖೆ ಕ್ರಮ ಕೈಗೊಳ್ಳಬಹುದೆಂದು 1995ರ ನಾಗೂರ್ ಮೀರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಪರಾಧ ನಿರ್ಣಯಕ್ಕೇ ತಡೆ ಬೇಕಿದ್ದರೆ ಪ್ರತ್ಯೇಕವಾಗಿ, ನೌಕರಿ ಹೋಗುವ ಅಪಾಯವನ್ನು ವಿವರಿಸಿ ಕೇಳಬೇಕು. ಅದು ಅಪರೂಪವಾಗಿ ಮಾತ್ರ ಸಿಗುತ್ತದೆ.

ಇಲಾಖೆಯ ನೋಟಿಸಿಗೆ ಉತ್ತರ ಬರೆಯುವಾಗ ನ್ಯಾಯಾಲಯದ ತೀರ್ಪು ತಪ್ಪೆಂದು ವಾದಿಸಬೇಡಿ, ಆ ವಾದಕ್ಕೆ ಜಾಗ ಮೇಲ್ಮನವಿಯಲ್ಲಿದೆ. ತೀರ್ಪಿನಲ್ಲೇ ನಿಮ್ಮ ಪರವಾಗಿರುವ ವಾಕ್ಯಗಳನ್ನು ಪುಟ ಸಂಖ್ಯೆಯೊಂದಿಗೆ ಎತ್ತಿ ತೋರಿಸಿ: ಮದ್ಯ ಸೇವಿಸಿರಲಿಲ್ಲ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ್ದರು, ಇದು ಮೊದಲ ಅಪರಾಧ ಎಂಬಂಥವು. ಸಣ್ಣ ದಂಡದ ಪ್ರಕರಣವಾದರೆ 1996ರ ಪವನ್ ಕುಮಾರ್ ತೀರ್ಪನ್ನು ಉಲ್ಲೇಖಿಸಿ. 20 ರೂಪಾಯಿ ದಂಡದ ಶಿಕ್ಷೆಗಾಗಿ ಕೆಲಸ ಕಳೆದುಕೊಂಡವರ ಪರ ನಿಂತ ಸುಪ್ರೀಂ ಕೋರ್ಟ್, ಇಂಥ ಕ್ಷುಲ್ಲಕ ಶಿಕ್ಷೆಗಳು ಜನರ ನೌಕರಿ ಕಸಿಯದಂತೆ ಸಂಸತ್ತು ಕಾನೂನು ಮಾಡಬೇಕೆಂದು ಅದರಲ್ಲಿ ಸೂಚಿಸಿತ್ತು.

ಆದೇಶ ವಿರುದ್ಧವಾಗಿ ಬಂದರೆ ಮೊದಲು ಇಲಾಖೆಯೊಳಗಿನ ಮೇಲ್ಮನವಿ, ಆನಂತರ ಒಂದು ವರ್ಷದೊಳಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಖಾಸಗಿ ಶಾಲೆಯವರಿಗೆ 311ನೇ ಅನುಚ್ಛೇದದ ರಕ್ಷಣೆ ಇಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಮಿನಂತೆ ಆದೇಶ ತಲುಪಿದ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಇನ್ನೂ ನೇಮಕಾತಿಯ ಹಂತದಲ್ಲಿರುವವರು ಪೊಲೀಸ್ ಪರಿಶೀಲನೆಯ ನಮೂನೆಯಲ್ಲಿ ಹಳೆಯ ಪ್ರಕರಣವನ್ನು ಬಚ್ಚಿಡಬಾರದು. 2016ರ ಅವತಾರ್ ಸಿಂಗ್ ತೀರ್ಪು ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟದ್ದನ್ನು ಕ್ಷಮಿಸಲು ಅವಕಾಶ ಕೊಟ್ಟಿದೆಯಾದರೂ ಕ್ಷಮಿಸುವ ವಿವೇಚನೆ ನೇಮಕ ಮಾಡುವವರದು. ನಮೂನೆಯಲ್ಲಿ ಕಲಮು, ನ್ಯಾಯಾಲಯ, ಪ್ರಕರಣದ ಸಂಖ್ಯೆ, ಕಟ್ಟಿದ ದಂಡ ಎಲ್ಲವನ್ನೂ ಬರೆದು, ತೀರ್ಪಿನ ದೃಢೀಕೃತ ಪ್ರತಿಯನ್ನು ಲಗತ್ತಿಸಿ.