ಮುಟ್ಟು ನಿಲ್ಲುವ ಕಾಲಕ್ಕೆ ಬರುವ ಹೊಟ್ಟೆ

ಮುಟ್ಟು ನಿಲ್ಲುವ ಹೊತ್ತಿಗೆ ಮೈಯೆಲ್ಲ ದಪ್ಪ ಆಗುವುದಕ್ಕಿಂತ ಹೊಟ್ಟೆ ಮುಂದೆ ಬರುವುದೇ ಜಾಸ್ತಿ. ತೂಕ ಎರಡೋ ಮೂರೋ ಕಿಲೋ ಏರಿರುತ್ತದೆ ಅಷ್ಟೇ. ಆದರೆ ರವಿಕೆಯ ಹುಕ್ಕು ಕೂರುವುದಿಲ್ಲ, ಲಂಗದ ಲಾಡಿ ಸಾಲುವುದಿಲ್ಲ. “ನಾನು ಮೊದಲಿನಷ್ಟೇ ಉಣ್ಣುವುದಲ್ವಾ ಅಕ್ಕ, ಮತ್ತೆ ಇದೆಲ್ಲಿಂದ ಬಂತು?” ಎಂದು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯ ಹೆಂಗಸರು ಕೇಳುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ. ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾದಾಗ, ಮೊದಲು ತೊಡೆ, ಸೊಂಟದಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯಲ್ಲಿ ಸೇರುತ್ತದೆ. ವಯಸ್ಸಾದಂತೆ ಮಾಂಸಖಂಡವೂ ಕರಗುತ್ತದೆ. ಮಾಂಸಖಂಡ ಕಡಿಮೆಯಾದ ದೇಹಕ್ಕೆ ಬೇಕಾಗುವ ಆಹಾರವೂ ಕಡಿಮೆ. ಹಾಗಾಗಿ ಮೊದಲಿನಷ್ಟೇ ಉಂಡರೂ ಈಗ ಅದು ಹೆಚ್ಚೇ.

ಇದಕ್ಕೆ ಹೆಚ್ಚಿನವರು ಮಾಡುವ ಮದ್ದು ರಾತ್ರಿಯ ಊಟ ಬಿಡುವುದು. ಅದು ಬೇಡ. ಉಪವಾಸ ಕೂತರೆ ತೂಕ ಇಳಿಯುತ್ತದೆ, ಆದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಹೋಗುತ್ತದೆ. ಆಮೇಲೆ ಊಟ ಶುರು ಮಾಡಿದರೆ ಮತ್ತೆ ಹೊಟ್ಟೆಯೇ ಬರುವುದು. ತೂಕದ ಮಿಷನ್ನನ್ನು ದಿನಾ ಹತ್ತುವ ಬದಲು ಟೈಲರ್ ಟೇಪು ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಅನ್ನುತ್ತಾರೆ. ದಾಟಿದರೆ ಸಕ್ಕರೆ ಕಾಯಿಲೆ, ಬಿ.ಪಿ. ಕಡೆಗೂ ಗಮನ ಇರಲಿ.

ಅನ್ನದ ವಿಷಯಕ್ಕೆ ಬರುತ್ತೇನೆ. ಕುಚ್ಚಲಕ್ಕಿ ಒಳ್ಳೆಯದು ಎಂದು ನಮ್ಮವರು ಎರಡು ಸೌಟು ಹೆಚ್ಚೇ ಬಡಿಸಿಕೊಳ್ಳುತ್ತಾರೆ. ಬೆಳ್ತಿಗೆ ಅಕ್ಕಿಗಿಂತ ಒಳ್ಳೆಯದೇ, ಒಪ್ಪಿದೆ. ಆದರೆ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ ಉಪ್ಪಿನಕಾಯಿ ಎಂದರೆ ದಿನವಿಡೀ ಅಕ್ಕಿಯೇ ಆಯಿತು. ಮಾಂಸಖಂಡಕ್ಕೆ ಬೇಕಾದದ್ದು ಪ್ರೋಟೀನು, ಅದಕ್ಕೆ ಜಾಗ ಎಲ್ಲಿ ಉಳಿಯಿತು? ಇದಕ್ಕೆ ದಾರಿ ನಮ್ಮೂರಲ್ಲೇ ಇದೆ. ಮಲಯಾಳಿಗಳ ಮನೆಯಲ್ಲಿ ಗಂಜಿಗೆ ಹೆಸರುಕಾಳು ಬೇಯಿಸಿ ಹಾಕುತ್ತಾರಲ್ಲ, ಹಿಂದೆ ಕೇರಳದ ಶಾಲೆಗಳಲ್ಲಿ ಮಧ್ಯಾಹ್ನ ಕೊಡುತ್ತಿದ್ದದ್ದೂ ಅದೇ, ಆ ಕ್ರಮ ಬಹಳ ಒಳ್ಳೆಯದು. ಗಂಜಿ ಒಂದು ಸೌಟು ಕಡಿಮೆ ಮಾಡಿ, ಕಾಳು ಒಂದು ಬಟ್ಟಲು ಇರಲಿ. ಒಂದು ದಿನ ಹೆಸರು, ಇನ್ನೊಂದು ದಿನ ಹುರುಳಿ, ಮತ್ತೊಂದು ದಿನ ಅಲಸಂಡೆ ಬೀಜ. 100 ಗ್ರಾಂ ಒಣ ಹುರುಳಿಯಲ್ಲಿ 20 ಗ್ರಾಂಗಿಂತ ಜಾಸ್ತಿ ಪ್ರೋಟೀನು ಇದೆ. ಮೊಟ್ಟೆ, ಮೀನು ತಿನ್ನುವವರಿಗೆ ಇನ್ನೂ ಸುಲಭ. ಬೂತಾಯಿ, ಬಂಗುಡೆಯನ್ನು ಎಣ್ಣೆಯಲ್ಲಿ ಕಾಯಿಸುವ ಬದಲು ಸಾರು ಮಾಡಿ. ಬಸಳೆ, ಬಾಳೆದಿಂಡು, ಒಂದೆಲಗದ ತಂಬುಳಿ ಇವೆಲ್ಲ ಎಷ್ಟು ಉಂಡರೂ ತೊಂದರೆಯಿಲ್ಲ, ತೆಂಗಿನಕಾಯಿ ಮಾತ್ರ ಕೈ ಹಿಡಿದು ಹಾಕಿ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಈ ವಯಸ್ಸಿನ ಎಲುಬಿಗೆ ಬೇಕು. ಹಾಗೆಂದು ಬೆಲ್ಲ ಸುರಿದು ಮಣ್ಣಿ ಕಾಯಿಸಿದರೆ ಹೊಟ್ಟೆ ಇಳಿಯುವುದಿಲ್ಲ. ಮಜ್ಜಿಗೆ ಹಾಕಿ ಅಂಬಲಿ ಮಾಡಿ ಕುಡಿಯಿರಿ.

ನನ್ನ ಪ್ರಕಾರ ಊಟಕ್ಕಿಂತ ದೊಡ್ಡ ಕಳ್ಳ ಸಂಜೆ ನಾಲ್ಕು ಗಂಟೆಯ ಚಾ. ಚಾದ ಜೊತೆಗೆ ಎಣ್ಣೆಯಲ್ಲಿ ಕಾಯಿಸಿದ ಹಲಸಿನ ಸೋಂಟೆ, ನೇಂದ್ರ ಚಿಪ್ಸು, ಬಾಳೆಹಣ್ಣಿನ ಪೋಡಿ. ಮನೆಯ ತೆಂಗಿನಕಾಯಿಯ ಎಣ್ಣೆ, ಅದರಿಂದ ಏನೂ ಆಗದು ಎಂಬ ಧೈರ್ಯ ಬೇರೆ. ಗಾಣದ ಎಣ್ಣೆಯಾಗಲಿ ಅಂಗಡಿಯದಾಗಲಿ, ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ. ಸಕ್ಕರೆಯದ್ದೂ ಲೆಕ್ಕ ಹಾಕಿ. ದಿನಕ್ಕೆ ನಾಲ್ಕು ಚಾ, ಒಂದೊಂದಕ್ಕೆ ಎರಡು ಚಿಕ್ಕ ಚಮಚ ಎಂದರೆ 30 ಗ್ರಾಂ ದಾಟಿತು. 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಮ್ಮೆಲೇ ಬಿಡಲು ಆಗದಿದ್ದರೆ ವಾರಕ್ಕೆ ಅರ್ಧ ಚಮಚದ ಹಾಗೆ ಇಳಿಸಿ, ನಾಲಗೆಗೆ ಗೊತ್ತೇ ಆಗುವುದಿಲ್ಲ. ಸೋಂಟೆಯ ಡಬ್ಬಿಯನ್ನು ಅಟ್ಟದ ಮೇಲಿಡಿ. ಹತ್ತಿ ತೆಗೆಯುವಷ್ಟು ಆಸೆಯಾದ ದಿನ ತಿನ್ನಿ.

ಇನ್ನೊಂದಿದೆ, ಯಾರೂ ಲೆಕ್ಕಕ್ಕೆ ಹಿಡಿಯದ ಊಟ. ಮಕ್ಕಳು ಬಿಟ್ಟ ಅರ್ಧ ದೋಸೆ, ಪಾತ್ರೆಯ ತಳದ ಒಂದು ಮುಷ್ಟಿ ಅನ್ನ, ಹಾಳಾಗಬಾರದೆಂದು ನಮ್ಮ ಬಾಯಿಗೇ. ಉಳಿದದ್ದನ್ನು ಅಕ್ಕಚ್ಚಿನ ಬಾಲ್ದಿಗೆ ಹಾಕಿ, ದನವಾದರೂ ಹಾಲು ಕೊಟ್ಟೀತು. ದನ ಇಲ್ಲದಿದ್ದರೆ ಅಕ್ಕಿ ಹಾಕುವಾಗಲೇ ಕೈ ಬಿಗಿ ಮಾಡಿ.

“ದಿನವಿಡೀ ಮನೆಕೆಲಸ ಇದೆಯಲ್ಲ, ಮತ್ತೆ ವ್ಯಾಯಾಮ ಯಾಕೆ?” ಎನ್ನುವವರಿದ್ದಾರೆ. ಬಾವಿಯಿಂದ ನೀರು ಸೇದಿ, ಕಲ್ಲಿನಲ್ಲಿ ರುಬ್ಬಿ, ಗುಡ್ಡೆಯಿಂದ ಸೊಪ್ಪು ಹೊತ್ತು ತರುತ್ತಿದ್ದ ಕಾಲಕ್ಕೆ ಆ ಮಾತು ಸರಿ. ಈಗ ಪಂಪು ಇದೆ, ಗ್ರೈಂಡರ್ ಇದೆ. ಅಡಿಕೆ ಸುಲಿಯುವುದು, ಬೀಡಿ ಕಟ್ಟುವುದು ಸುಸ್ತು ಮಾಡುವ ಕೆಲಸ ಹೌದು, ಆದರೆ ಕೂತು ಮಾಡುವಂಥದ್ದು. ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಬನ್ನಿ. ಅದಲ್ಲದೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಮಳೆಗಾಲದಲ್ಲಿ ಜಗಲಿಯ ಉದ್ದಕ್ಕೂ ನಡೆದರೂ ನಡಿಗೆಯೇ, ಪಾಚಿ ಕಟ್ಟಿದ ಅಂಗಳಕ್ಕೆ ಇಳಿದು ಜಾರಿ ಬೀಳಬೇಡಿ.

ನಡಿಗೆ ಒಂದೇ ಸಾಲದು. ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ. ಗೋಡೆಗೆ ಅಂಗೈ ಊರಿ ಮೈಯನ್ನು ಮುಂದೆ ಹಿಂದೆ ತಳ್ಳುವುದು ಹತ್ತು ಸಲ. ಒಂದು ಲೀಟರಿನ ನೀರಿನ ಬಾಟಲಿ ಎರಡು ಕೈಯಲ್ಲೂ ಹಿಡಿದು ಎತ್ತಿ ಇಳಿಸುವುದು. ಗಂಟು ನೋವು ಇರುವವರು ಮೊದಲು ಡಾಕ್ಟರನ್ನು ಕೇಳಿ.

ನಿದ್ದೆ ಕೆಟ್ಟರೆ ಮರುದಿನ ಹಸಿವು ಜಾಸ್ತಿ. ರಾತ್ರಿ ಮೈ ಬಿಸಿಯಾಗಿ ಬೆವರುವವರು ತೆಳು ಹತ್ತಿ ಬಟ್ಟೆ ಹಾಕಿಕೊಂಡು ಫ್ಯಾನಿನ ಹತ್ತಿರ ಮಲಗಿ, ಸಂಜೆಯ ಮೇಲೆ ಚಾ ಕಾಫಿ ಬಿಡಿ.

ತೂಕ ಇಳಿಸುವ ಪುಡಿ, ಕಷಾಯ ಎಂದು ಯಾರಾದರೂ ಮನೆ ಬಾಗಿಲಿಗೆ ತಂದರೆ ವಾಪಸು ಕಳಿಸಿ. ಊಟ ಹಿಡಿತದಲ್ಲಿದ್ದರೂ ತೂಕ ಬೇಗಬೇಗ ಏರಿದರೆ, ಕೂದಲು ಉದುರಿ ಚಳಿ ಚಳಿ ಅನಿಸಿದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ನಾಚಿಕೆ ಮಾಡದೆ ಆ ವಾರವೇ ಆಸ್ಪತ್ರೆಗೆ ಹೋಗಿ.